ಬ್ಲೂಸ್ ಎದುರಿಗೆ ಕುಳಿತು ಕೇಳಬೇಕೆ? ಷಿಕಾಗೊ, ಮಿಸಿಸಿಪ್ಪಿ, ಆಸ್ಟಿನ್, ಮುಂಬೈ: ಯಾವುದು ಯಾರಿಗೆ

ಏಪ್ರಿಲ್ ಹತ್ತಿರ ಬಂದರೆ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಮಗಳ ಬಾಣಂತನಕ್ಕೆಂದು ಷಿಕಾಗೊಗೆ ಹೊರಟ ದಂಪತಿ, ಕಂಪನಿ ಕೆಲಸದ ಮೇಲೆ ಆರು ತಿಂಗಳು ಆಸ್ಟಿನ್‌ನಲ್ಲಿ ಇರಬೇಕಾದ ಹುಡುಗ, ವೀಸಾದ ತಾಪತ್ರಯವೇ ಬೇಡ, ನಮ್ಮ ದೇಶದಲ್ಲೇ ಏನಾದರೂ ಇದೆಯೇ ಎನ್ನುವ ಹುಬ್ಬಳ್ಳಿಯ ಗಿಟಾರ್ ಮೇಷ್ಟ್ರು. ಎಲ್ಲರಿಗೂ ಬೇಕಾದದ್ದು ಒಂದೇ. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಬ್ಲೂಸ್ ಸಂಗೀತವನ್ನು ಒಮ್ಮೆಯಾದರೂ ಎದುರಿಗೆ ಕುಳಿತು ಕೇಳಬೇಕು. ಎಲ್ಲಿ, ಯಾರದ್ದು, ಎಷ್ಟು ಖರ್ಚು?

ಹನ್ನೊಂದು ವರ್ಷ ಷಿಕಾಗೊದ ಹೊರವಲಯದ ನೇಪರ್‌ವಿಲ್‌ನಲ್ಲಿ ಸಂಸಾರ ಹೂಡಿದ್ದವನು ನಾನು. ಸಂಬಳದ ಒಂದು ಪಾಲನ್ನು ಈ ಚಟಕ್ಕೆ ಸುರಿದಿದ್ದೇನೆ. ತಪ್ಪು ಆಯ್ಕೆಗಳನ್ನೂ ಧಾರಾಳವಾಗಿ ಮಾಡಿದ್ದೇನೆ. ಒಮ್ಮೆ ದೊಡ್ಡ ಹೆಸರಿನ ಕಲಾವಿದನೊಬ್ಬನಿಗಾಗಿ ನೂರೆಂಬತ್ತು ಡಾಲರ್ ತೆತ್ತು, ಕಬ್ಬಿಣದ ಕಂಬದ ಹಿಂದೆ ಕುಳಿತು, ಇಡೀ ಕಾರ್ಯಕ್ರಮವನ್ನು ಪರದೆಯ ಮೇಲೆ ನೋಡಿ ಬಂದೆ. ಅದೇ ವಾರ ಒಂದು ಸಣ್ಣ ಬಾರಿನಲ್ಲಿ, ಹೆಸರೇ ಕೇಳದ ತಂಡವೊಂದನ್ನು ಹತ್ತು ಡಾಲರಿಗೆ ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆದ್ದರಿಂದ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಪೋಸ್ಟರಿನ ಮೇಲಿನ ಹೆಸರು ನೋಡಿ ಆರಿಸಬೇಡಿ. ತನ್ನದೇ ಊರಿನಲ್ಲಿ, ವಾರದ ಮಧ್ಯದ ಒಂದು ದಿನ, ಪರಿಚಿತ ಮುಖಗಳ ಎದುರು ನುಡಿಸುವವನನ್ನು ಹುಡುಕಿಕೊಂಡು ಹೋಗಿ.

ಅಳತೆಗೋಲು ಮೊದಲು

ನಿಮಗೂ ಗಿಟಾರಿಗೂ ನಡುವೆ ಎಷ್ಟು ಅಡಿ ಎಂಬುದು ನನ್ನ ಮೊದಲ ಪ್ರಶ್ನೆ. ಬ್ಲೂಸ್‌ನ ಕಟ್ಟು ಬಹಳ ಸರಳ. ಹೆಚ್ಚಿನ ಹಾಡುಗಳಲ್ಲಿ ತಾಳದ ಹನ್ನೆರಡು ಅಳತೆಗಳ ಒಂದು ಆವರ್ತನ. ಅದರೊಳಗೆ ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಕಟ್ಟು ಇಷ್ಟು ಸರಳವಾಗಿರುವುದರಿಂದ ರುಚಿಯೆಲ್ಲ ಸೂಕ್ಷ್ಮದಲ್ಲಿ ಅಡಗಿದೆ. ತಂತಿಯನ್ನು ಎಷ್ಟು ಎಳೆದ, ಎಲ್ಲಿ ಬಿಟ್ಟ, ಹಾಡುತ್ತಿದ್ದವನು ತಟ್ಟನೆ ಡ್ರಮ್ ನುಡಿಸುವವನ ಕಡೆ ಯಾಕೆ ತಿರುಗಿದ. ಪಡಸಾಲೆಯ ಬೈಠಕ್ಕಿನಲ್ಲಿ ದಕ್ಕುವ ಸುಖ ಇದು. ಮೈದಾನದ ಗುಂಪಿನಲ್ಲಿಯೂ ಸುಖವಿದೆ, ಅದು ಬೇರೆ.

ಎರಡನೆಯದು ತಿಟ್ಟು. ಚೆಂಡೆಯ ಮೊದಲ ಪೆಟ್ಟಿಗೇ ಇದು ತೆಂಕು, ಇದು ಬಡಗು ಎಂದು ಹೇಳುವವರು ನಮ್ಮ ಕರಾವಳಿಯಲ್ಲಿ ಮನೆಗೊಬ್ಬರಿದ್ದಾರೆ. ಬ್ಲೂಸ್‌ನಲ್ಲೂ ಹಾಗೆಯೇ. ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಎಂಬ ಬಯಲಿನದ್ದು ಮೂಲದಲ್ಲಿ ಒಬ್ಬ ಮನುಷ್ಯ, ಒಂದು ಗಿಟಾರು. ಅದೇ ಹಾಡು ರೈಲು ಹತ್ತಿ ಷಿಕಾಗೊಗೆ ಬಂದು, ಕರೆಂಟು ಹಿಡಿದು, ಹಾರ್ಮೋನಿಕಾ, ಪಿಯಾನೊ, ಡ್ರಮ್ ಕೂಡಿಸಿಕೊಂಡಾಗ ಷಿಕಾಗೊ ಬ್ಲೂಸ್ ಆಯಿತು. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನದ್ದು ಮೂರನೆಯ ಬಗೆ: ಸ್ವರಮೇಳ (ಕಾರ್ಡ್) ಬದಲಾಗುವುದು ಅಪರೂಪ, ಒಂದನ್ನೇ ಹಿಡಿದು ಮೀಟುತ್ತಾರೆ. ಆಸ್ಟಿನ್ ಇರುವ ಟೆಕ್ಸಸ್‌ನದ್ದು ಇನ್ನೂ ಲವಲವಿಕೆಯ, ಕುಣಿತದ ನಡೆ.

ಮೂರನೆಯದು, ಜೊತೆಗೆ ಯಾರಿದ್ದಾರೆ. ಅಮೆರಿಕದ ಬ್ಲೂಸ್ ಬಹುಪಾಲು ಬಾರುಗಳಲ್ಲಿ ನಡೆಯುತ್ತದೆ. ಎಷ್ಟೋ ಕಡೆ ಇಪ್ಪತ್ತೊಂದು ತುಂಬದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಎಪ್ಪತ್ತರ ಹಿರಿಯರನ್ನೂ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ನಾಲ್ಕನೆಯದು, ರಾತ್ರಿ ಒಂದು ಗಂಟೆಗೆ ಮನೆಗೆ ಹೇಗೆ ಮರಳುತ್ತೀರಿ. ಹಣದ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಬ್ಲೂಸ್‌ನಲ್ಲಿ ಟಿಕೆಟ್ಟು ಅಗ್ಗ, ದಾರಿ ದುಬಾರಿ.

ಷಿಕಾಗೊ: ಬಾರು ಮತ್ತು ಬಯಲು

ಒಂದೇ ರಾತ್ರಿ ಇದೆ, ಕಾರು ಓಡಿಸುವುದಿಲ್ಲ ಎನ್ನುವವರಿಗೆ ಷಿಕಾಗೊವನ್ನು ಮೀರಿಸುವ ಊರಿಲ್ಲ. 1943ರಲ್ಲಿ ಹಾಡುಗಾರ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಹತ್ತಿಯ ಹೊಲ ಬಿಟ್ಟು ಬಂದಿಳಿದ ಊರು ಇದು. ದಕ್ಷಿಣದಿಂದ ಲಕ್ಷಗಟ್ಟಲೆ ಕಪ್ಪು ಜನರು ಕಾರ್ಖಾನೆ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಬಂದ ಕಾಲ. ಗದ್ದಲದ ಬಾರಿನಲ್ಲಿ ಮರದ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ; ಆಂಪ್ಲಿಫೈಯರ್ ಬಂದದ್ದು ಶೋಕಿಗಲ್ಲ, ಹೊಟ್ಟೆಪಾಡಿಗೆ.

ಈಗಲೂ ಇಲ್ಲಿ ಮೂರು ಬಗೆಯ ಜಾಗಗಳಿವೆ. ಊರ ನಡುವಿನಲ್ಲಿ, ವಬಾಷ್ ರಸ್ತೆಯಲ್ಲಿ, ಗಿಟಾರ್ ವಾದಕ ಬಡ್ಡಿ ಗೈ 1989ರಲ್ಲಿ ತೆರೆದ ಲೆಜೆಂಡ್ಸ್ ಕ್ಲಬ್ಬಿದೆ. ದೊಡ್ಡದು, ಅಚ್ಚುಕಟ್ಟಾದದ್ದು, ಧ್ವನಿ ವ್ಯವಸ್ಥೆ ಒಳ್ಳೆಯದು, ಊಟ ಸಿಗುತ್ತದೆ, ಮೆಟ್ರೋ ಇಳಿದು ನಡೆದು ಹೋಗಬಹುದು. ಜನವರಿಯಲ್ಲಿ ಸ್ವತಃ ಬಡ್ಡಿ ಗೈ ಅಲ್ಲಿ ಹಲವು ರಾತ್ರಿ ನುಡಿಸುವ ರೂಢಿ ಇಟ್ಟುಕೊಂಡವರು. 1936ರಲ್ಲಿ ಹುಟ್ಟಿದವರನ್ನು ಇನ್ನೆಷ್ಟು ದಿನ ಕೇಳಲಾದೀತು ಎಂಬ ಆತುರ ನಿಮಗಿದ್ದರೆ ತಪ್ಪಲ್ಲ. ಆದರೆ ಆ ಟಿಕೆಟ್ಟುಗಳು ಬೇಗ ಖಾಲಿಯಾಗುತ್ತವೆ, ಹೊರಗೆ ಮೂಗು ಉದುರಿಹೋಗುವ ಚಳಿ. ಬಾಣಂತನಕ್ಕೆ ಹೋದ ಅತ್ತೆಯವರನ್ನು ಜನವರಿಯಲ್ಲಿ ಅಲ್ಲಿಗೆ ಎಳೆದುಕೊಂಡು ಹೋಗುವ ಸಾಹಸ ಬೇಡ.

ಉತ್ತರಕ್ಕೆ, ಹಾಲ್‌ಸ್ಟೆಡ್ ರಸ್ತೆಯ ಕಿಂಗ್‌ಸ್ಟನ್ ಮೈನ್ಸ್ 1968ರಿಂದ ನಡೆಯುತ್ತಿದೆ. ಎರಡು ವೇದಿಕೆ, ಎರಡು ತಂಡ. ಒಂದು ಮುಗಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಇನ್ನೊಂದು ಶುರು. ಬೆಳಗಿನ ಜಾವದವರೆಗೆ ನಡೆಯುತ್ತದೆ. ವಯಸ್ಸಿನ ಹುಡುಗರಿಗೆ, ನಿದ್ದೆಗೆಡುವ ಶಕ್ತಿ ಇರುವವರಿಗೆ ಇದು. ಶನಿವಾರ ಮಾತ್ರ ಬೇಡ, ಹುಟ್ಟುಹಬ್ಬದ ಗುಂಪುಗಳ ಕಿರುಚಾಟದಲ್ಲಿ ಹಾಡು ಮುಳುಗಿಹೋಗುತ್ತದೆ.

ನನ್ನ ಜಾಗ ಮೂರನೆಯದು, ಆರ್ಮಿಟೇಜ್ ರಸ್ತೆಯ ರೋಸಾಸ್ ಲೌಂಜ್. ಇಟಲಿಯಿಂದ ಬ್ಲೂಸ್ ಹುಚ್ಚು ಹತ್ತಿಸಿಕೊಂಡು ಬಂದ ಟೋನಿ ಮಾಂಜುಲೊ 1984ರಲ್ಲಿ ತೆರೆದದ್ದು. ಹೆಸರು ಅವರ ತಾಯಿಯದ್ದು, ಆಕೆಯೂ ಮಗನ ಜೊತೆ ದುಡಿದವರು. ಉದ್ದನೆಯ ಸಣ್ಣ ಕೋಣೆ. ಕೇಳಲೆಂದೇ ಬಂದವರು ಹೆಚ್ಚು, ಹರಟೆಗೆ ಬಂದವರು ಕಡಿಮೆ. ಮೆಟ್ರೋ ಸ್ವಲ್ಪ ದೂರ, ಟ್ಯಾಕ್ಸಿಗೆ ಹಣ ತೆಗೆದಿಡಬೇಕು. ಕ್ಲಬ್ಬುಗಳ ಪ್ರವೇಶ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಡಾಲರಿನೊಳಗೆ ಇರುತ್ತದೆ, ಹೆಸರಾಂತರಿಗೆ ಹೆಚ್ಚು.

ಜಾಗಕ್ಕಿಂತ ತಂಡ ನೋಡಿ ಹೋಗುವವರಾದರೆ ಮೂರು ಹೆಸರು ಗುರುತಿಟ್ಟುಕೊಳ್ಳಿ. ಮೊದಲನೆಯವರು ಲಿಲ್ ಎಡ್. ತಲೆಯ ಮೇಲೆ ತುರ್ಕಿ ಟೋಪಿ, ಬೆರಳಿಗೆ ಗಿಟಾರಿನ ತಂತಿಯ ಮೇಲೆ ಜಾರಿಸುವ ಕೊಳವೆ, ಮುಖದ ತುಂಬ ನಗು. ಸೋದರಮಾವ ಜೆ. ಬಿ. ಹಟ್ಟೊ ಅವರಿಂದ ಕಲಿತದ್ದು, ಟೋಪಿಯೂ ಅಲ್ಲಿಂದಲೇ ಬಂದದ್ದು. ಕಾರು ತೊಳೆಯುವ ಕೆಲಸದಲ್ಲಿದ್ದಾಗ, ಸಂಕಲನವೊಂದಕ್ಕೆ ಹಾಡಲು ಸ್ಟುಡಿಯೋಗೆ ಹೋಗಿ ಒಂದೇ ರಾತ್ರಿಯಲ್ಲಿ ಮೂವತ್ತು ಹಾಡು ಧ್ವನಿಮುದ್ರಿಸಿ ಬಂದ ಮನುಷ್ಯ. ಆ ರಾತ್ರಿಯಿಂದಲೇ 1986ರ ಮೊದಲ ಆಲ್ಬಂ ಹುಟ್ಟಿತು. ಇಂಪೀರಿಯಲ್ಸ್ ಎಂಬ ಅವರ ತಂಡದಲ್ಲಿ ದಶಕಗಳಿಂದ ಅವೇ ನಾಲ್ಕು ಮುಖಗಳು. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು. ಬ್ಲೂಸ್ ಎಂದರೆ ಅಳುಮುಖ ಎಂದುಕೊಂಡವರನ್ನು ಕರೆದುಕೊಂಡು ಹೋಗಬೇಕಾದದ್ದು ಇಲ್ಲಿಗೆ.

ಎರಡನೆಯವರು ಬಿಲ್ಲಿ ಬ್ರಾಂಚ್. ಹಾರ್ಮೋನಿಕಾ. ಬ್ಲೂಸ್ ಹಾಡುಗಳನ್ನು ಕಟ್ಟುತ್ತಿದ್ದ ವಿಲ್ಲಿ ಡಿಕ್ಸನ್ ತಂಡದಲ್ಲಿ ಪಳಗಿದವರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಬ್ಲೂಸ್ ಕಲಿಸುವ ಕೆಲಸವನ್ನು ವರ್ಷಾನುವರ್ಷ ಮಾಡಿದವರು. ಹಳೆಯ ಷಿಕಾಗೊ ಧಾಟಿ ಶುದ್ಧವಾಗಿ ಬೇಕೆಂದರೆ ಇವರು. ಮೂರನೆಯವರು ಟೊರಾಂಜೊ ಕ್ಯಾನನ್. ವರ್ಷಗಟ್ಟಲೆ ಷಿಕಾಗೊದ ಸಿಟಿ ಬಸ್ ಓಡಿಸುತ್ತಲೇ ಗಿಟಾರ್ ನುಡಿಸಿದವರು. ಅವರ ಹಾಡಿನಲ್ಲಿ ಹತ್ತಿ ಹೊಲವಿಲ್ಲ. ಬಾಡಿಗೆ, ಪಿಂಚಣಿ, ಪೊಲೀಸು, ನೆರೆಹೊರೆ ಇವೆ. ಪಾಳಿ ಮುಗಿಸಿ ಬಂದವನ ದಣಿವು ಆ ದನಿಯಲ್ಲಿ ಸುಳ್ಳಾಗಿ ಕೇಳಿಸುವುದಿಲ್ಲ.

ಮಕ್ಕಳಿದ್ದಾರೆ, ಹಿರಿಯರಿದ್ದಾರೆ, ಕುಡಿಯುವ ಜಾಗಕ್ಕೆ ಮನೆಯವರು ಒಪ್ಪುವುದಿಲ್ಲ ಎನ್ನುವವರಿಗೆ ಜೂನ್ ತಿಂಗಳ ಷಿಕಾಗೊ ಬ್ಲೂಸ್ ಉತ್ಸವವೇ ಗತಿ, ಮತ್ತು ಅದು ಒಳ್ಳೆಯ ಗತಿ. 1984ರಲ್ಲಿ, ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ, ಶುರುವಾದದ್ದು. ಪ್ರವೇಶ ಉಚಿತ. 2017ರಿಂದ ಮಿಲೇನಿಯಂ ಪಾರ್ಕಿನಲ್ಲಿ ನಡೆಯುತ್ತಿದೆ. ಬಯಲಾಟಕ್ಕೆ ಹೋದಂತೆ ಚಾಪೆ, ನೀರು, ಚುರುಮುರಿ ಹಿಡಿದು ಹುಲ್ಲಿನ ಮೇಲೆ ಕುಳಿತುಕೊಳ್ಳಬಹುದು. ಹುಲ್ಲಿನ ಮೇಲೆ ಚಾಚಿದ ಉಕ್ಕಿನ ಹಂದರದಲ್ಲಿ ಸ್ಪೀಕರುಗಳನ್ನು ತೂಗುಹಾಕಿರುವುದರಿಂದ ಹಿಂದೆ ಕುಳಿತರೂ ಸ್ಪಷ್ಟವಾಗಿ ಕೇಳಿಸುತ್ತದೆ. ಕಾಣಿಸುವುದು ಮಾತ್ರ ಇರುವೆಯಷ್ಟು. ಅದಕ್ಕೇ ನನ್ನ ಉಪಾಯ: ಸಂಜೆಯ ದೊಡ್ಡ ವೇದಿಕೆಯನ್ನು ಮನೆಯವರಿಗೆ ಬಿಟ್ಟು, ಮಧ್ಯಾಹ್ನ ಪಕ್ಕದ ಸಣ್ಣ ವೇದಿಕೆಗಳ ಮುಂದೆ ನಿಲ್ಲುವುದು. ಮಿಸಿಸಿಪ್ಪಿಯಿಂದ ಬಂದವರು ಅಲ್ಲಿಯೇ ನುಡಿಸುತ್ತಾರೆ. ಹತ್ತಡಿ ದೂರ, ಖರ್ಚು ಸೊನ್ನೆ.

ಮಿಸಿಸಿಪ್ಪಿ: ಕಾರು ಇದ್ದವರಿಗೆ, ಪುರುಸೊತ್ತು ಇದ್ದವರಿಗೆ

ಕ್ಲಾರ್ಕ್ಸ್‌ಡೇಲ್ ಎಂಬ ಊರು ಮೆಂಫಿಸ್ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್. ನಮ್ಮ ಒಂದು ತಾಲ್ಲೂಕು ಕೇಂದ್ರಕ್ಕಿಂತ ಚಿಕ್ಕದು. ಅರ್ಧ ಅಂಗಡಿಗಳಿಗೆ ಬೀಗ. ಸುತ್ತ ಕಣ್ಣು ಹಾಯುವಷ್ಟೂ ಚಪ್ಪಟೆ ಹೊಲ, ಬಯಲುಸೀಮೆಯವರಿಗೆ ಊರು ನೆನಪಾಗುತ್ತದೆ. ಮಡ್ಡಿ ವಾಟರ್ಸ್ ಬೆಳೆದ ಮರದ ಗುಡಿಸಲನ್ನು ಇಲ್ಲಿಯ ಡೆಲ್ಟಾ ಬ್ಲೂಸ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. 1941ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಆ ಗುಡಿಸಲಿಗೆ ಬಂದು ಅವರ ಹಾಡನ್ನು ಮೊದಲ ಬಾರಿಗೆ ಧ್ವನಿಮುದ್ರಿಸಿದ.

ರಾತ್ರಿಯ ಆಯ್ಕೆ ಮುಖ್ಯವಾಗಿ ಎರಡು. ನಟ ಮಾರ್ಗನ್ ಫ್ರೀಮನ್ ಪಾಲುದಾರರಾಗಿ 2001ರಲ್ಲಿ ತೆರೆದ ಗ್ರೌಂಡ್ ಜೀರೊ ಕ್ಲಬ್ಬು ಮ್ಯೂಸಿಯಂ ಪಕ್ಕದಲ್ಲಿದೆ. ವಿಶಾಲ, ಪ್ರವಾಸಿಗಳಿಗೆ ಅನುಕೂಲ, ಗೋಡೆಯ ತುಂಬ ಬಂದವರ ಸಹಿ. ಇನ್ನೊಂದು ಬಗೆ ಜೂಕ್ ಜಾಯಿಂಟ್. ಹೊಲದ ಆಳುಗಳು ಶನಿವಾರ ರಾತ್ರಿ ಕುಡಿದು ಕುಣಿಯಲು ಸೇರುತ್ತಿದ್ದ ಮನೆಗಳ ವಂಶದ್ದು. ರೆಡ್ಸ್ ಲೌಂಜ್ ಅದರಲ್ಲಿ ಪ್ರಸಿದ್ಧ. ಅದನ್ನು ಕಟ್ಟಿ ಬೆಳೆಸಿದ ರೆಡ್ ಪೇಡನ್ 2023ರ ಕೊನೆಯಲ್ಲಿ ತೀರಿಕೊಂಡರು.

ಇಂಥದ್ದೇ ಒಂದು ಜೂಕ್ ಜಾಯಿಂಟಿನಲ್ಲಿ ನಾನು ಕಂಡದ್ದನ್ನು ಹೇಳಬೇಕು. ವೇದಿಕೆ ಎಂಬುದೇ ಇರಲಿಲ್ಲ, ನೆಲದ ಮೇಲೊಂದು ಸವೆದ ಜಮಖಾನೆ. ಮಾಡಿನಿಂದ ಇಳಿಬಿಟ್ಟ ಕೆಂಪು ದೀಪದ ಮಾಲೆ. ಅರವತ್ತು ದಾಟಿದ ಹಾಡುಗಾರ, ಅವನ ಹಿಂದೆ ಹದಿನೇಳರ ಡ್ರಮ್ಮರ್. ಹಾಡಿನ ನಡುವೆ ಗಿಟಾರಿನ ತಂತಿ ಕಿತ್ತಿತು. ಹುಡುಗ ತಾಳ ಬಿಡಲಿಲ್ಲ. ಮುದುಕ ಹಾಡುತ್ತಲೇ ಅಂಗಿಯ ಜೇಬಿನಿಂದ ಸುರುಳಿ ಸುತ್ತಿದ ಹೊಸ ತಂತಿ ತೆಗೆದ. ಮುಂದಿನ ಕುರ್ಚಿಯಲ್ಲಿದ್ದ ಹೆಂಗಸು ಎದ್ದು ಬಂದು ಮೊಬೈಲ್ ಬೆಳಕು ಹಿಡಿದಳು. ಅವನು ತಂತಿ ಪೋಣಿಸಿ, ಬಿರಟೆ ತಿರುವಿ, ತಾಳದ ನಡುವೆಯೇ ಶ್ರುತಿ ಕೂಡಿಸಿ, ಸರಿಯಾಗಿ ಸಮಕ್ಕೆ ಬಂದು ಮೀಟಿದ. ಅಷ್ಟರಲ್ಲಿ ಮೂರು ಚರಣ ಮುಗಿದಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವರಿಗೆ ಅದು ವಿಶೇಷವೇ ಅಲ್ಲ.

ಈ ಊರಿನವನೇ ಗಿಟಾರ್ ವಾದಕ ಕಿಂಗ್‌ಫಿಶ್ (ಬೆಂಗಳೂರಿನವರು ಬೇರೇನೋ ಅಂದುಕೊಳ್ಳಬೇಡಿ). ಕ್ರಿಸ್ಟೋನ್ ಇಂಗ್ರಮ್ ಎಂಬುದು ನಿಜನಾಮ, ಹುಟ್ಟಿದ್ದು 1999ರಲ್ಲಿ, 2022ರಲ್ಲಿ ಗ್ರ್ಯಾಮಿ ಗೆದ್ದ. ಆದರೆ ಅವನನ್ನು ಹುಡುಕಿ ಕ್ಲಾರ್ಕ್ಸ್‌ಡೇಲ್‌ಗೆ ಹೋದರೆ ನಿರಾಸೆ. ಅವನೀಗ ಜಗತ್ತು ಸುತ್ತುತ್ತಿರುತ್ತಾನೆ, ನಿಮ್ಮ ಊರಿನ ಸಭಾಂಗಣಕ್ಕೇ ಬಂದಾನು. ಅಲ್ಲಿ ಉಳಿದಿರುವವರನ್ನು ಕೇಳಲು ಹೋಗಿ. ಕ್ಯಾಟ್ ಹೆಡ್ ಎಂಬ ಅಂಗಡಿಯಲ್ಲಿ ವಾರದ ಯಾವ ರಾತ್ರಿ ಎಲ್ಲಿ ಯಾರು ಎಂಬ ಪಟ್ಟಿ ಸಿಗುತ್ತದೆ. ಏಪ್ರಿಲ್‌ನ ಜೂಕ್ ಜಾಯಿಂಟ್ ಉತ್ಸವದ ದಿನ ಊರೆಲ್ಲ ಜಾತ್ರೆ, ಆದರೆ ಹೋಟೆಲ್ ಕೋಣೆ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ನವೆಂಬರಿನ ಒಂದು ಗುರುವಾರ ಹೋದರೆ ಕೋಣೆಯೂ ಅಗ್ಗ, ಕುರ್ಚಿಯೂ ಮುಂದಿನದು.

ಸ್ವಲ್ಪ ಸಂಗೀತ ಬಲ್ಲವರಿಗೆ ನಾನು ಇನ್ನೂ ಕೆಳಗೆ ಇಳಿಯಲು ಹೇಳುತ್ತೇನೆ. ಬೆಂಟೋನಿಯಾ ಎಂಬ ಹಳ್ಳಿಯಲ್ಲಿ ಬ್ಲೂ ಫ್ರಂಟ್ ಕೆಫೆ ಇದೆ, 1948ರಲ್ಲಿ ಜಿಮ್ಮಿ 'ಡಕ್' ಹೋಮ್ಸ್ ಅವರ ತಂದೆತಾಯಿ ತೆರೆದದ್ದು. ಹಳೆಯ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ ಹುಟ್ಟಿದ ಊರು ಇದೇ. ಇಲ್ಲಿಯವರು ಗಿಟಾರನ್ನು ಮೈನರ್ ಸ್ವರಮೇಳಕ್ಕೆ ಶ್ರುತಿ ಮಾಡುತ್ತಾರೆ, ಕೇಳಿದರೆ ಬೆನ್ನುಹುರಿಯಲ್ಲಿ ಚಳಿ. 1947ರಲ್ಲಿ ಹುಟ್ಟಿದ ಹೋಮ್ಸ್ ಆ ಧಾಟಿಯ ಹಿರಿಯ ಕೊಂಡಿ. ಅವರು ಇದ್ದು, ಮನಸ್ಸು ಬಂದರೆ ಕುರ್ಚಿ ಎಳೆದು ನುಡಿಸುತ್ತಾರೆ, ಖಾತರಿ ಇಲ್ಲ. ಖಾತರಿ ಬೇಕಾದರೆ ಜೂನ್‌ನಲ್ಲಿ ಊರಿನ ಬ್ಲೂಸ್ ಉತ್ಸವವಿದೆ. ಗುಡ್ಡಗಾಡಿನ ಧಾಟಿಗೆ ಸೆಡ್ರಿಕ್ ಬರ್ನ್‌ಸೈಡ್ ಅವರನ್ನು ಹುಡುಕಿ. ಅಜ್ಜ ಆರ್. ಎಲ್. ಬರ್ನ್‌ಸೈಡ್ ತಂಡದಲ್ಲಿ ಹುಡುಗನಾಗಿ ಡ್ರಮ್ ಬಾರಿಸಿ, ಆಮೇಲೆ ಗಿಟಾರಿಗೆ ಬಂದವರು, ಇವರಿಗೂ 2022ರಲ್ಲಿ ಗ್ರ್ಯಾಮಿ. ಏಕತಾರಿ ಹಿಡಿದು ತತ್ವಪದ ಹಾಡುವವರನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದೆನಿಸುವುದಿಲ್ಲ. ಒಂದೇ ಸ್ವರ ನಿಂತಲ್ಲೇ ನಿಂತು ಸುತ್ತುತ್ತದೆ, ಹತ್ತು ನಿಮಿಷದ ಬಳಿಕ ಕಾಲು ತಾನಾಗಿ ಅಲುಗಾಡುತ್ತದೆ.

ಕಷ್ಟಗಳನ್ನೂ ಹೇಳಬೇಕಲ್ಲ. ರಾತ್ರಿ ಟ್ಯಾಕ್ಸಿ ನಂಬುವಂತಿಲ್ಲ. ಬಾಡಿಗೆ ಕಾರು, ಕುಡಿಯದ ಒಬ್ಬ ಚಾಲಕ ಬೇಕು. ಪ್ರವೇಶಕ್ಕೆ ಹತ್ತು ಡಾಲರ್ ಆದರೆ ಕಾರು, ಕೋಣೆ, ವಿಮಾನ ಸೇರಿ ಷಿಕಾಗೊದ ಮೂರರಷ್ಟು. ಸಸ್ಯಾಹಾರಿಗಳಿಗೆ ಇದು ಉಪವಾಸದ ಸೀಮೆ, ಸೊಪ್ಪಿನ ಪಲ್ಯ ಕಂಡಿತೆಂದು ಆಸೆಪಟ್ಟರೆ ಅದರಲ್ಲೂ ಹಂದಿಮಾಂಸದ ತುಣುಕು. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ. ರೈಲಿನ ಆಸೆ ಇದ್ದವರಿಗೆ ಮಾತ್ರ ಒಂದು ಸುಖವಿದೆ: ಷಿಕಾಗೊದಿಂದ ಸಂಜೆ ಹೊರಡುವ ಆಮ್‌ಟ್ರ್ಯಾಕ್ ರೈಲು ಬೆಳಿಗ್ಗೆ ಮೆಂಫಿಸ್ ಮುಟ್ಟಿ, ಮುಂದೆ ಕ್ಲಾರ್ಕ್ಸ್‌ಡೇಲ್ ಸಮೀಪದ ಮಾರ್ಕ್ಸ್ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಾಡು ಉತ್ತರಕ್ಕೆ ಬಂದ ದಿಕ್ಕಿಗೆ ಎದುರಾಗಿ ನೀವು ಹೋಗುತ್ತೀರಿ.

ಮೆಂಫಿಸ್, ಆಸ್ಟಿನ್

ಮೆಂಫಿಸ್‌ನ ಬೀಲ್ ಬೀದಿ ನಿಯಾನ್ ದೀಪಗಳ ಜಾತ್ರೆ. ಮಿಸಿಸಿಪ್ಪಿಗೆ ಹೋಗುವ ದಾರಿಯಲ್ಲಿ ಒಂದು ಸಂಜೆಗೆ ಸಾಕು. ಒಂದು ವಾರ ಮಾತ್ರ ಇದಕ್ಕೆ ಹೊರತು: ಜನವರಿಯ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆ. ಜಗತ್ತಿನ ನಾನಾ ಊರುಗಳ ತಂಡಗಳು ಆ ಒಂದೇ ಬೀದಿಯ ಬಾರುಗಳಲ್ಲಿ ನುಡಿಸುತ್ತವೆ, ನೀವು ಬಾಗಿಲಿಂದ ಬಾಗಿಲಿಗೆ ನಡೆದು ಹೋಲಿಸುತ್ತ ಹೋಗಬಹುದು.

ಆಸ್ಟಿನ್‌ಗೆ ಹೊರಟ ಹುಡುಗನಿಗೆ ನನ್ನ ಉತ್ತರ ಚಿಕ್ಕದು: ಬೇರೆಲ್ಲೂ ಅಲೆಯಬೇಡ. 1975ರಲ್ಲಿ ಕ್ಲಿಫರ್ಡ್ ಆಂಟೋನ್ ತೆರೆದ ಆಂಟೋನ್ಸ್ ಕ್ಲಬ್ಬು ಜಾಗ ಬದಲಿಸುತ್ತಾ ಬಂದು ಈಗ ಊರ ನಡುವಿನಲ್ಲಿದೆ. ಗಿಟಾರ್ ವಾದಕ ಸ್ಟೀವಿ ರೇ ವಾನ್ ಬೆಳೆದ ವೇದಿಕೆಯ ಪರಂಪರೆ ಅದು. ಅವರ ಅಣ್ಣ ಜಿಮ್ಮಿ ವಾನ್ ಊರಿನಲ್ಲಿ ನುಡಿಸುವ ದಿನ ಕಚೇರಿಯ ಕೆಲಸ ಬೇಗ ಮುಗಿಸು. ತಮ್ಮನಂತೆ ಸ್ವರಗಳ ಮಳೆ ಸುರಿಸುವವರಲ್ಲ, ಬೇಕಾದಷ್ಟೇ ನುಡಿಸುತ್ತಾರೆ. ಆರು ತಿಂಗಳು ಇರುವವನಿಗೆ ಪ್ರವಾಸಿಗಿಲ್ಲದ ಭಾಗ್ಯವಿದೆ: ಒಂದೇ ತಂಡವನ್ನು ನಾಲ್ಕು ಸಲ ಕೇಳಬಹುದು. ನಾಲ್ಕನೆಯ ಸಲ ಕೇಳಿದಾಗಲೇ ಯಾವುದು ಕಂಠಪಾಠ, ಯಾವುದು ಆ ಕ್ಷಣದ್ದು ಎಂದು ಗೊತ್ತಾಗುವುದು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ ಇರುವ ನಮ್ಮವರು ಅಕಿ ಕುಮಾರ್ ಅವರನ್ನು ಒಮ್ಮೆ ಕೇಳಬೇಕು. ಮುಂಬೈಯಲ್ಲಿ ಬೆಳೆದು, ಸಾಫ್ಟ್‌ವೇರ್ ಎಂಜಿನಿಯರಾಗಿ ಅಲ್ಲಿಗೆ ಹೋಗಿ, ಹಾರ್ಮೋನಿಕಾಕ್ಕಾಗಿ ಕೆಲಸ ಬಿಟ್ಟವರು. ಹಳೆಯ ಹಿಂದಿ ಚಿತ್ರಗೀತೆಗಳನ್ನು ಷಿಕಾಗೊ ಬ್ಲೂಸ್ ನಡೆಗೆ ಕೂರಿಸುತ್ತಾರೆ. ಬ್ಲೂಸ್ ಎಂದರೆ ಮೂಗು ಮುರಿಯುವ ಹೆಂಡತಿಯನ್ನೋ ಗಂಡನನ್ನೋ ಒಲಿಸಲು ಇದಕ್ಕಿಂತ ಸುಲಭದ ಬಾಗಿಲಿಲ್ಲ.

ವೀಸಾ ಬೇಡ ಎನ್ನುವವರಿಗೆ

ಹುಬ್ಬಳ್ಳಿಯ ಮೇಷ್ಟ್ರಿಗೆ ನಾನು ಹೇಳಿದ್ದು ಮುಂಬೈ. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಲ್ಲಿ ಶುರುವಾದ ಮಹೀಂದ್ರಾ ಬ್ಲೂಸ್ ಉತ್ಸವ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುತ್ತ ಬಂದಿದೆ. ಆಯಾ ವರ್ಷದ ದಿನಾಂಕ ನೋಡಿಕೊಂಡೇ ರೈಲು ಟಿಕೆಟ್ಟು ಮಾಡಿಸಿ. ಬಡ್ಡಿ ಗೈ ಒಂದಕ್ಕಿಂತ ಹೆಚ್ಚು ಸಲ ಬಂದು ನುಡಿಸಿದ್ದಾರೆ. ಸಾವಿರಾರು ರೂಪಾಯಿಯ ಟಿಕೆಟ್ಟು ಭಾರ ಎನಿಸಬಹುದು, ಅಮೆರಿಕದ ವಿಮಾನದ ಮುಂದೆ ಅದೇನೂ ಅಲ್ಲ. ದೂರದ ಅಳತೆಯಲ್ಲಿ ಇದಕ್ಕೆ ಅಂಕ ಕಡಿಮೆ: ಗುಂಪು ದೊಡ್ಡದು, ಹಲವರು ಸೆಲ್ಫಿಗೆ ಬಂದವರು. ಮಧ್ಯಾಹ್ನವೇ ಹೋಗಿ ಮೊದಲ ತಂಡಗಳಿಗೆ ಮುಂದೆ ನಿಂತರೆ ಆ ಕೊರತೆ ಅರ್ಧ ನೀಗುತ್ತದೆ.

ಆದರೆ ಭಾರತದ ಬ್ಲೂಸ್ ಊರು ಮುಂಬೈಯಲ್ಲ, ಷಿಲ್ಲಾಂಗ್. ರೂಡಿ ವಾಲಂಗ್ ಮತ್ತು ತಿಪ್ರಿತಿ ಖರ್ಬಂಗಾರ್ 2003ರಲ್ಲಿ ಕಟ್ಟಿದ ಸೋಲ್‌ಮೇಟ್ ತಂಡ ಅಲ್ಲಿಯದು. 2007ರಲ್ಲಿ ಮೆಂಫಿಸ್‌ನ ಅದೇ ಸ್ಪರ್ಧೆಗೆ ಭಾರತದ ಪರವಾಗಿ ಹೋಗಿ ಬಂದವರು. ರೂಡಿ ಅವರ ಗಿಟಾರು ಹದವಾಗಿ ಮಾತಾಡುತ್ತದೆ. ತಿಪ್ರಿತಿಯ ದನಿ ಬಂದರೆ ಕೋಣೆಯ ಗೋಡೆ ಸ್ವಲ್ಪ ಹಿಂದೆ ಸರಿದಂತೆ. ಇವರ ಹೆಸರು ಬೆಂಗಳೂರಿನ ಯಾವುದಾದರೂ ಕಾರ್ಯಕ್ರಮ ಪಟ್ಟಿಯಲ್ಲಿ ಕಂಡರೆ ಮೇಷ್ಟ್ರು ಆ ರಾತ್ರಿಯೇ ರೈಲು ಹತ್ತಲಿ, ಮುಂಬೈ ಆಮೇಲೆ ನೋಡಿಕೊಂಡರಾಯಿತು.

ಎಲ್ಲಿಗೆ ಹೋದರೂ ಜೇಬಿನಲ್ಲಿ ಚಿಲ್ಲರೆ ನೋಟುಗಳಿರಲಿ. ಅಮೆರಿಕದ ಬಾರುಗಳಲ್ಲಿ ಎರಡು ಸುತ್ತಿನ ನಡುವೆ ಒಬ್ಬರು ಪ್ಲಾಸ್ಟಿಕ್ ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ಬಾಗಿಲಲ್ಲಿ ಕೊಟ್ಟ ಹಣವೆಲ್ಲ ತಂಡಕ್ಕೆ ಸೇರುತ್ತದೆಂದು ಭಾವಿಸಬೇಡಿ, ಎಷ್ಟೋ ರಾತ್ರಿ ಅವರು ಮನೆಗೆ ಒಯ್ಯುವುದು ಈ ಬಕೆಟ್ಟಿನದ್ದೇ. ಐದು ಡಾಲರ್ ಹಾಕಿ, ಬೇಕಾದ ಹಾಡಿನ ಹೆಸರು ಹೇಳಿ. ಗೊತ್ತಿದ್ದರೆ ನುಡಿಸುತ್ತಾರೆ.